ಕಲಿಯುವವನು ಕಲಿಸುವ ಕ್ರಮ: ಮೂರು ಬರಹಗಳ ವಿಮರ್ಶೆ

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂಬ ಮಾತನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಅಧ್ಯಕ್ಷರಾದವರು ಈ ಮಾತನ್ನು ಒಮ್ಮೆಯಾದರೂ ಹೇಳದೆ ವೇದಿಕೆಯಿಂದ ಇಳಿಯುವುದು ಅಪೂರ್ವ. ಆದರೆ ಹಾಗೆ ಕೊಡುವ ಕೈಯನ್ನು ಪಳಗಿಸುವವರು ಯಾರು, ಯಾವ ವಯಸ್ಸಿನಲ್ಲಿ ಪಳಗಿಸಬೇಕು, ಯಾವ ಕ್ರಮದಿಂದ ಪಳಗಿಸಬೇಕು ಎಂಬ ಪ್ರಶ್ನೆಗಳನ್ನು ಎತ್ತುವವರು ವಿರಳ. ಕಲಿಸುವುದು ಉಪಾಧ್ಯಾಯನ ವೃತ್ತಿ, ಕಲಿಯುವುದು ವಿದ್ಯಾರ್ಥಿಯ ಧರ್ಮ ಎಂದು ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿಟ್ಟು ಬಾಗಿಲು ಹಾಕಿದ ಮೇಲೆ ಇಂಥ ಪ್ರಶ್ನೆಗಳಿಗೆ ಎಡೆಯೇ ಉಳಿಯುವುದಿಲ್ಲ.

ಪೂರ್ವಿಕರು ಈ ಬಾಗಿಲನ್ನು ಹಾಕಿರಲಿಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಮನುಷ್ಯನ ಕರ್ತವ್ಯಗಳನ್ನು ಎಣಿಸುವಾಗ ಪ್ರತಿಯೊಂದರ ಜೊತೆಯಲ್ಲಿಯೂ ಸ್ವಾಧ್ಯಾಯ, ಪ್ರವಚನ ಎಂಬ ಜೋಡಿಯನ್ನು ಮತ್ತೆ ಮತ್ತೆ ಹೇಳುವುದು. ಕಡೆಯಲ್ಲಿ ನಾಕನೆಂಬ ಮೌದ್ಗಲ್ಯನ ಮತವನ್ನು ಉದಾಹರಿಸಿ, ಇವೆರಡೇ ತಪಸ್ಸೆಂದು ಮುಗಿಸುವುದು. ಭಗವಾನ್ ಪತಂಜಲಿಯ ಮಹಾಭಾಷ್ಯದ ಪಸ್ಪಶಾಹ್ನಿಕವು ಇನ್ನೂ ಸ್ಪಷ್ಟವಾಗಿದೆ. ವಿದ್ಯೆಯು ಸಾರ್ಥಕವಾಗಲು ನಾಲ್ಕು ಕಾಲಗಳು ಬೇಕು: ಗುರುವಿನಿಂದ ಗ್ರಹಿಸುವ ಆಗಮಕಾಲ, ತಾನೇ ಮನನ ಮಾಡುವ ಸ್ವಾಧ್ಯಾಯಕಾಲ, ಪರರಿಗೆ ಹೇಳಿಕೊಡುವ ಪ್ರವಚನಕಾಲ, ಲೋಕದಲ್ಲಿ ಬಳಸುವ ವ್ಯವಹಾರಕಾಲ. ಶಬ್ದಗಳನ್ನು ಒಂದೊಂದಾಗಿ ಕಲಿಯುತ್ತ ಹೋದರೆ ಮೊದಲನೆಯ ಕಾಲದಲ್ಲಿಯೇ ಆಯುಸ್ಸೆಲ್ಲ ತೀರಿಹೋದೀತೆಂದು ಭಾಷ್ಯಕಾರನು ಎಚ್ಚರಿಸುವನು. ಈಗಿನ ವಿದ್ಯಾರ್ಥಿಯು ಹತ್ತು ಹದಿನೈದು ವರ್ಷಗಳನ್ನು ಕೇಳುವುದರಲ್ಲಿಯೂ ಬರೆದುಕೊಳ್ಳುವುದರಲ್ಲಿಯೂ ಕಳೆದು, ಒಂದು ದಿನವಾದರೂ ಇನ್ನೊಬ್ಬನಿಗೆ ಒಂದು ಲೆಕ್ಕವನ್ನು ಬಿಡಿಸಿ ಹೇಳದೆ ಪದವೀಧರನಾಗುವುದನ್ನು ನೋಡಿದರೆ ಆ ಎಚ್ಚರಿಕೆಯು ಹಳೆಯದಾಗಿಲ್ಲವೆಂದು ತೋರುವುದು.

ವಿದ್ಯಾರ್ಥಿಯೇ ವಿದ್ಯಾರ್ಥಿಗೆ ಕಲಿಸುವ ಪದ್ಧತಿಯನ್ನು ಕಂಡೋ ನಡೆಸಿಯೋ ಬರೆದಿಟ್ಟವರಲ್ಲಿ ಮೂವರು ಪರದೇಶೀಯರ ಬರಹಗಳು ದಕ್ಷಿಣ ದೇಶಕ್ಕೆ ಸಂಬಂಧಪಟ್ಟವು. ಮೊದಲನೆಯದು ರೋಮ್ ನಗರದ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯ ಪತ್ರ, ಕಾಲ ೧೬೨೩. ಎರಡನೆಯದು ಪಾದ್ರಿ ಆಂಡ್ರ್ಯೂ ಬೆಲ್ಲನ ಪುಸ್ತಕ, ಪ್ರಕಟವಾದದ್ದು ೧೭೯೭ರಲ್ಲಿ. ಮೂರನೆಯದು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನ ವರದಿ; ಕಾಲ ೧೮೨೩. ಈ ಮೂರನ್ನೂ ಜೊತೆಯಲ್ಲಿಟ್ಟು ಓದಿದರೆ, ಕಲಿಸುವ ವಿದ್ಯಾರ್ಥಿಗೆ ಯಾವುದು ದೊರೆಯಬೇಕಾಗಿತ್ತು, ಯಾವುದು ದೊರೆಯಲಿಲ್ಲ ಎಂಬುದು ವಿಶದವಾಗುವುದು.

ದೆಲ್ಲಾ ವಾಲ್ಲೆಯು ಪೋರ್ಚುಗೀಸರ ರಾಯಭಾರದೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನು ಹತ್ತಿ ಇಕ್ಕೇರಿಯ ವೆಂಕಟಪ್ಪನಾಯಕನ ಸಂಸ್ಥಾನಕ್ಕೆ ಹೋದನು. ದಾರಿಯಲ್ಲಿ ಒಂದು ದೇವಾಲಯದ ಪಡಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು. ನಾಲ್ವರೂ ಗುರುವಿನಿಂದ ಒಂದೇ ಪಾಠವನ್ನು ಹೇಳಿಸಿಕೊಂಡು ಬಂದಿದ್ದರು. ಒಬ್ಬನು ಅದರ ಒಂದು ತುಂಡನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ್ದ ನುಣ್ಣನೆಯ ಮಳಲಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹೇಳಿ ಬರೆಯುವರು. ನೆಲವು ತುಂಬಿದೊಡನೆ ಅಳಿಸಿ ಹೊಸ ಮಳಲನ್ನು ಎರಚುವರು. ಗುರುವು ಹತ್ತಿರದಲ್ಲಿಲ್ಲ. ಪ್ರವಾಸಿಯು ಸುಮ್ಮನೆ ನೋಡಿ ಹೋಗಲಿಲ್ಲ. ಎಲ್ಲರೂ ಶಿಷ್ಯರೇ ಆಗಿರುವಲ್ಲಿ ಮರೆತರೆ, ತಪ್ಪಿದರೆ, ತಿದ್ದುವವರು ಯಾರೆಂದು ಹುಡುಗರನ್ನೇ ಕೇಳಿದನು. ನಾಲ್ವರೂ ಒಂದೇ ಸ್ಥಳದಲ್ಲಿ ಮರೆಯುವುದಾಗಲಿ ತಪ್ಪುವುದಾಗಲಿ ಸಂಭವಿಸದು, ಆದುದರಿಂದ ಒಬ್ಬನನ್ನು ಇನ್ನೊಬ್ಬನು ತಿದ್ದುವನು ಎಂಬ ಅರ್ಥದ ಉತ್ತರ ಬಂದಿತು. ಪ್ರವಾಸಿಯು ಆ ಕ್ರಮವನ್ನು ಸುಲಭವೂ ನಿಶ್ಚಿತವೂ ಆದುದೆಂದು ಮೆಚ್ಚಿ ಬರೆದನು.

ಈ ಬರಹದ ಗುಣವೇನೆಂದರೆ, ಇದರಲ್ಲಿ ಹುಡುಗರು ಮಾತನಾಡುತ್ತಾರೆ. ಪದ್ಧತಿಯ ಹೆಸರಿಲ್ಲ, ಸಿದ್ಧಾಂತವಿಲ್ಲ. ಒಂದು ಪ್ರಶ್ನೆ, ಒಂದು ಉತ್ತರ. ಪ್ರಶ್ನೆಯಾದರೋ ಸರಿಯಾದ ಪ್ರಶ್ನೆ. ಏಕೆಂದರೆ ವಿದ್ಯಾರ್ಥಿಯು ಕಲಿಸುವ ಎಲ್ಲ ಕ್ರಮಗಳ ಮರ್ಮವೂ ತಪ್ಪನ್ನು ಏನು ಮಾಡುವರು ಎಂಬುದರಲ್ಲಿಯೇ ಇದೆ. ಹುಡುಗರ ಉತ್ತರವು ಎಷ್ಟು ಚಮತ್ಕಾರವಾಗಿದ್ದರೂ ಅದರಲ್ಲಿ ಒಂದು ಬಿರುಕಿದೆ. ಮರೆವಿನಿಂದಾಗುವ ತಪ್ಪು ನಾಲ್ವರಲ್ಲಿ ನಾಲ್ಕು ಕಡೆ ಬೀಳುವುದು ನಿಜ. ತಿಳಿವಳಿಕೆಯ ಕೊರತೆಯಿಂದಾಗುವ ತಪ್ಪಾದರೋ ನಾಲ್ವರಲ್ಲಿಯೂ ಒಂದೇ ಕಡೆ ಬೀಳಬಹುದು. ಅದನ್ನು ಹಿಡಿಯುವವರು ಯಾರು? ದೆಲ್ಲಾ ವಾಲ್ಲೆಯು ಆ ಎರಡನೆಯ ಪ್ರಶ್ನೆಯನ್ನು ಕೇಳಲಿಲ್ಲ. ಮಾರ್ಗಸ್ಥನಾದವನಿಂದ ಅಷ್ಟನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ಬೆಲ್ಲನ ಸ್ಥಿತಿ ಬೇರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ ೧೭೫೩ರಲ್ಲಿ ಹುಟ್ಟಿದ ಈತನು ೧೭೮೭ರಲ್ಲಿ ಹಿಂದೂದೇಶಕ್ಕೆ ಬಂದು, ೧೭೮೯ರಲ್ಲಿ ಮದ್ರಾಸಿನ ಎಗ್ಮೂರಿನಲ್ಲಿ ಸಿಪಾಯಿಗಳ ಅನಾಥ ಗಂಡುಮಕ್ಕಳಿಗಾಗಿ ಏರ್ಪಟ್ಟ ಶಾಲೆಯ ಮೇಲ್ವಿಚಾರಕನಾದನು. ಅಲ್ಲಿನ ಉಪಾಧ್ಯಾಯರ ಕೆಲಸ ಅವನಿಗೆ ಒಪ್ಪಿಗೆಯಾಗಲಿಲ್ಲ. ಒಂದು ದಿನ ಮಲಬಾರಿ ಮಕ್ಕಳ ಒಂದು ಶಾಲೆಯಲ್ಲಿ ಹುಡುಗರು ಮಳಲಿನ ಮೇಲೆ ಅಕ್ಷರ ತಿದ್ದುತ್ತಿದ್ದುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಹಾಗೆ ಮಾಡಬೇಕೆಂದು ವಿಧಿಸಿದನು. ಉಪಾಧ್ಯಾಯರು ಇದನ್ನು ಒಪ್ಪಿ ನಡೆಸಲಿಲ್ಲ. ಆಗ ಬೆಲ್ಲನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಅಕ್ಷರಾಭ್ಯಾಸದ ತರಗತಿಯನ್ನು ಅವನಿಗೆ ಒಪ್ಪಿಸಿದನು. ದೊಡ್ಡವರಿಂದಾಗದ ಕೆಲಸ ಚಿಕ್ಕವನಿಂದಾಯಿತು. ಕ್ರಮೇಣ ಶಾಲೆಯ ಬಹುಭಾಗವು ಹುಡುಗರ ಕೈಗೆ ಬಂದಿತು. ಬೆಲ್ಲನು ೧೭೯೬ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಮರುವರ್ಷ ಲಂಡನ್ನಿನಲ್ಲಿ ತನ್ನ ಪ್ರಯೋಗದ ವಿವರಣೆಯನ್ನು ಪ್ರಕಟಿಸಿದನು. ಉಪಾಧ್ಯಾಯನ ಅಥವಾ ತಂದೆತಾಯಿಗಳ ಮೇಲ್ವಿಚಾರಣೆಯಲ್ಲಿ ಶಾಲೆಯಾಗಲಿ ಸಂಸಾರವಾಗಲಿ ತನಗೆ ತಾನೇ ಕಲಿಸಿಕೊಳ್ಳಬಲ್ಲ ಕ್ರಮವೆಂದು ಅದರ ಉದ್ದವಾದ ಹೆಸರಿನಲ್ಲಿಯೇ ಸೂಚಿಸಿದನು.

ಈ ಪುಸ್ತಕದಲ್ಲಿ ಮೆಚ್ಚತಕ್ಕ ಅಂಶವಿಲ್ಲವೆನ್ನಲಾಗದು. ಬೆಲ್ಲನ ಕ್ರಮದಲ್ಲಿ ತರಗತಿಯ ಹುಡುಗರು ಜೊತೆಜೊತೆಯಾಗಿ ಕುಳಿತು, ಒಬ್ಬನು ಬೋಧಕನೂ ಇನ್ನೊಬ್ಬನು ಶಿಷ್ಯನೂ ಆಗುತ್ತಿದ್ದರು; ಕಲಿಸುವವನಿಗೂ ಕಲಿಕೆಯಾಗುವುದೆಂಬುದನ್ನು ಅವನು ಬಲ್ಲನು. ಆದರೆ ಪುಸ್ತಕವನ್ನು ಓದಿ ಮುಗಿಸಿದಾಗ ಮನಸ್ಸಿನಲ್ಲಿ ನಿಲ್ಲುವುದು ಬೆಲ್ಲನೂ ಅವನ ಕ್ರಮವೂ, ಫ್ರಿಸ್ಕೆನನಲ್ಲ. ಆ ಬಾಲಕನು ಮಳಲಿನ ಮುಂದೆ ಕುಳಿತ ಸಣ್ಣವರ ತಪ್ಪುಗಳನ್ನು ಹೇಗೆ ಕಂಡನು, ಎಲ್ಲಿ ತಡವರಿಸಿದನು, ಯಾರನ್ನು ಕೇಳಿ ತಿದ್ದಿಕೊಂಡನು ಎಂಬುದೊಂದೂ ತಿಳಿಯದು. ಹಟಮಾರಿ ಉಪಾಧ್ಯಾಯರ ಸ್ಥಾನದಲ್ಲಿ ಆಜ್ಞಾಧಾರಕನಾದ ಬಾಲಕನು ಬಂದನೆಂಬುದೇ ಮುಖ್ಯವಾಗಿ ಕಾಣುವುದು. ಕಲಿಸುವ ಹುಡುಗನು ಅಲ್ಲಿ ಕರ್ತೃವಾಗಿ ನಿಲ್ಲದೆ ಕರಣವಾಗಿ ನಿಂತನು.

ಕರಣವು ಅಗ್ಗವಾಗಿದ್ದರೆ ಅದನ್ನು ಬೇಡುವವರೂ ಬಹಳ. ಬೆಲ್ಲನಿಗೆ ಸ್ಪರ್ಧಿಯಾದ ಜೋಸೆಫ್ ಲ್ಯಾಂಕಾಸ್ಟರನು ೧೭೯೮ರಲ್ಲಿ ಲಂಡನ್ನಿನ ಬಡಮಕ್ಕಳಿಗಾಗಿ ಶಾಲೆಯನ್ನು ತೆರೆದು, ೧೮೦೩ರಲ್ಲಿ ತನ್ನ ಪುಸ್ತಕವನ್ನು ಹೊರಡಿಸಿದನು. ಒಬ್ಬನೇ ಉಪಾಧ್ಯಾಯನು ಮಾನಿಟರುಗಳ ಸಹಾಯದಿಂದ ಸಾವಿರ ಮಕ್ಕಳನ್ನು ನಡೆಸಬಹುದೆಂಬುದು ಅವನ ಪ್ರತಿಜ್ಞೆ. ಗೋಡೆಗೆ ತೂಗುಹಾಕಿದ ಹಲಗೆಗಳ ಮುಂದೆ ಮಕ್ಕಳು ಅರ್ಧಚಂದ್ರಾಕಾರವಾಗಿ ನಿಂತು ಓದಬೇಕು. ಒಂದು ಪುಸ್ತಕದ ಹಾಳೆಗಳು ಇಡೀ ಶಾಲೆಗೆ ಸಾಕು. ಹಲಗೆ ಹಂಚಲು ಒಬ್ಬ ಮಾನಿಟರು, ಬಾರದವರನ್ನು ವಿಚಾರಿಸಲು ಇನ್ನೊಬ್ಬನು. ತಪ್ಪಿದವನ ಕೊರಳಿಗೆ ಮರದ ತುಂಡನ್ನು ಕಟ್ಟುವುದೂ, ಬುಟ್ಟಿಯಲ್ಲಿ ಕೂರಿಸಿ ಮೇಲಕ್ಕೆ ಎಳೆಯುವುದೂ ಅಲ್ಲಿನ ಶಿಕ್ಷೆಗಳು. ಬೆಲ್ಲನ ಪಕ್ಷವನ್ನು ವಹಿಸಿ ೧೮೧೧ರಲ್ಲಿ ಆಂಗ್ಲ ಚರ್ಚಿನವರು ನ್ಯಾಷನಲ್ ಸೊಸೈಟಿಯನ್ನು ಸ್ಥಾಪಿಸಿದರು. ಲ್ಯಾಂಕಾಸ್ಟರನ ಪಕ್ಷದವರ ಸಂಘವು ೧೮೧೪ರಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಸ್ಕೂಲ್ ಸೊಸೈಟಿ ಎಂಬ ಹೆಸರನ್ನು ತಳೆಯಿತು. ಕ್ರಮವನ್ನು ಮೊದಲು ಕಂಡುಹಿಡಿದವರು ಯಾರೆಂಬ ವಾಗ್ವಾದದಲ್ಲಿ ಎರಡು ಪಕ್ಷಗಳೂ ರಾಶಿರಾಶಿಯಾಗಿ ಕಾಗದವನ್ನು ಖರ್ಚುಮಾಡಿದುವು. ಆ ವಾಗ್ವಾದದಲ್ಲಿ ಕೇಳದಿದ್ದುದು ಮಾನಿಟರ್ ಹುಡುಗನ ಧ್ವನಿಯೊಂದೇ.

ಈ ಆಂಗ್ಲೇಯ ಉತ್ಸಾಹದ ನಡುವೆ ಕ್ಯಾಂಬೆಲ್ಲನ ವರದಿಯು ತಣ್ಣಗಿನ ತೂಕದ ಬರಹವಾಗಿ ತೋರುವುದು. ಮದ್ರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ೧೮೨೨ರಲ್ಲಿ ಆಯಾ ಜಿಲ್ಲೆಗಳ ಪಾಠಶಾಲೆಗಳ ಸ್ಥಿತಿಯನ್ನು ತಿಳಿಸುವಂತೆ ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಬಳ್ಳಾರಿಯಿಂದ ಉತ್ತರವು ೧೮೨೩ನೆಯ ಆಗಸ್ಟಿನಲ್ಲಿ ಹೋಯಿತು. ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ೧. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವುದು, ಎರಡನೆಯವನಿಗೆ ಸೊನ್ನೆ ಬರೆಯುವುದು, ಮೂರನೆಯವನಿಂದ ಮುಂದಕ್ಕೆ ಒಂದೊಂದಾಗಿ ಏಟು ಹೆಚ್ಚುವುದು ಮೊದಲಾದ ವಿವರಗಳನ್ನೂ ಆತನು ಬಿಡದೆ ದಾಖಲಿಸಿದ್ದಾನೆ. ಶಾಲೆಯು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಭಾಗವಾಗಿತ್ತು. ಕೆಳಗಿನವರನ್ನು ಭಾಗಶಃ ಮೇಲಿನ ಹುಡುಗರು ನೋಡಿಕೊಳ್ಳುವರು. ಮೇಲಿನವರನ್ನು ಐಗಳು ತಾವೇ ನೋಡುವರು. ಇಡೀ ಶಾಲೆಯ ಮೇಲೆ ಐಗಳ ಕಣ್ಣು ಇದ್ದೇ ಇರುವುದು.

ಮುಂದುವರಿದ ವಿದ್ಯಾರ್ಥಿಗಳಿಂದ ಹಿಂದುಳಿದವರಿಗೆ ಕಲಿಸುವುದನ್ನೂ, ಅದರಿಂದ ಕಲಿಸುವವರ ಸ್ವಂತ ಜ್ಞಾನವು ದೃಢವಾಗುವುದನ್ನೂ ಕ್ಯಾಂಬೆಲ್ಲನು ಶ್ಲಾಘಿಸಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಯುಕ್ತವೇ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಧರ್ಮಪಾಲರು ೧೯೮೩ರಲ್ಲಿ ಈ ಕಲೆಕ್ಟರುಗಳ ವರದಿಗಳನ್ನು ಸಂಗ್ರಹಿಸಿ ಪ್ರಕಟಿಸಿದ ಮೇಲೆ ಈ ವಾಕ್ಯವು ಅನೇಕರ ಭಾಷಣಗಳಿಗೆ ಆಭರಣವಾಯಿತು. ಆಭರಣವನ್ನು ಧರಿಸಿದವರು ಅದರ ಬೆನ್ನಿಗೇ ಬರುವ ವಾಕ್ಯವನ್ನು ಮಾತ್ರ ಬಿಟ್ಟರು. ಓದಿಸುವ ಪುಸ್ತಕಗಳ ಸ್ವರೂಪವೂ ಸಮರ್ಥರಾದ ಉಪಾಧ್ಯಾಯರ ಅಭಾವವೂ ಈ ಶಾಲೆಗಳ ಮುಖ್ಯ ದೋಷಗಳೆಂದು ಅದೇ ಲೇಖನಿಯು ಬರೆದಿದೆ. ಆಡುನುಡಿಗೆ ದೂರವಾದ ಕಾವ್ಯಭಾಷೆಯ ಪದ್ಯಗಳನ್ನು ಹುಡುಗರು ಗಿಳಿಯಂತೆ ಒಪ್ಪಿಸುವರೇ ಹೊರತು ಅರ್ಥವನ್ನು ಅರಿಯರೆಂದೂ ಬರೆದಿದೆ. ಅಂಕಿಗಳೂ ಅಭಿಮಾನಕ್ಕೆ ಪೂರ್ತಿಯಾಗಿ ಅನುಕೂಲವಾಗಿಲ್ಲ. ಸುಮಾರು ೧೪೦ ಜನರಿಗೆ ಒಬ್ಬ ವಿದ್ಯಾರ್ಥಿ; ೬,೬೪೧ರಲ್ಲಿ ಹೆಣ್ಣುಮಕ್ಕಳು ೬೦; ಸಂಸ್ಕೃತದ ೨೩ ಶಾಲೆಗಳಲ್ಲಿ ಬ್ರಾಹ್ಮಣರಿಗೆ ಮಾತ್ರ ಪ್ರವೇಶ. ಉಪನಿಷತ್ತು ಯಾವ ಪ್ರವಚನವನ್ನು ತಪಸ್ಸೆಂದಿತೋ ಆ ತಪಸ್ಸಿನ ಬಾಗಿಲು ಬಹುಜನರ ಪಾಲಿಗೆ ಮುಚ್ಚಿತ್ತೆಂಬುದನ್ನು ಪಾಠಶಾಲೆಯ ಅನ್ನವನ್ನು ಉಂಡವರೇ ಮೊದಲು ಒಪ್ಪಿಕೊಳ್ಳುವುದು ನ್ಯಾಯ.

ಇಂಗ್ಲೆಂಡು ಮಳಲನ್ನು ಇಲ್ಲಿಂದ ಒಯ್ದಿತು. ಅದನ್ನು ಬೆಲ್ಲನೇ ಒಪ್ಪಿರುವನು. ಆದರೆ ಯಾರು ಯಾರಿಂದ ಕಲಿತರೆಂಬ ಹೆಮ್ಮೆಯ ಲೆಕ್ಕಕ್ಕಿಂತ, ಒಯ್ಯುವಾಗ ಏನು ಬಿದ್ದುಹೋಯಿತೆಂಬ ವಿಚಾರವು ಹೆಚ್ಚು ಪ್ರಯೋಜನಕರ. ಬಿದ್ದುಹೋದದ್ದು ಗುರುವಿನ ಕಣ್ಣು. ಕೂಲಿಮಠದಲ್ಲಿ ಐಗಳು ಎಷ್ಟೇ ಅಸಮರ್ಥರಾಗಿದ್ದರೂ, ಕಲಿಸುವ ಹುಡುಗನು ಅವರಿಂದ ದಿನವೂ ಪಾಠ ಹೇಳಿಸಿಕೊಳ್ಳುತ್ತಲೇ ಇದ್ದನು. ಮಕ್ಕಳ ಸಂಖ್ಯೆಯೂ ಸಣ್ಣದು. ಬಳ್ಳಾರಿಯ ಅಂಕಿಗಳನ್ನು ಭಾಗಿಸಿದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಂದಿ. ಲ್ಯಾಂಕಾಸ್ಟರನ ಸಾವಿರ ಮಕ್ಕಳ ಮಂಟಪದಲ್ಲಿ ಒಬ್ಬ ಉಪಾಧ್ಯಾಯನ ಕಣ್ಣು ಯಾವ ಮಾನಿಟರಿನ ಮೇಲೆ ಎಷ್ಟು ಹೊತ್ತು ನಿಂತೀತು? ತಾನೇ ಅರೆ ಕಲಿತವನು, ಕಲಿತುದನ್ನು ಕಲಿಸುವುದರಲ್ಲಿಯೇ ದಿನವನ್ನು ಕಳೆದು, ಮುಂದಕ್ಕೆ ಕಲಿಯುವುದನ್ನು ಕಳೆದುಕೊಂಡನು.

ಈ ದೋಷವನ್ನು ಆಂಗ್ಲೇಯರೇ ಕಂಡುಕೊಂಡರೆಂಬುದನ್ನೂ ಹೇಳತಕ್ಕದ್ದು. ಜೇಮ್ಸ್ ಕೇ-ಷಟಲ್‌ವರ್ತನ ಪ್ರೇರಣೆಯಿಂದ ೧೮೪೬ರಲ್ಲಿ ಹೊಸ ಏರ್ಪಾಡು ಬಂದಿತು. ಹದಿಮೂರು ವರ್ಷ ತುಂಬಿದ ವಿದ್ಯಾರ್ಥಿಯು ಐದು ವರ್ಷ ಶಾಲೆಯಲ್ಲಿ ಕಲಿಸುತ್ತ ಕಲಿಯಬೇಕು. ವರ್ಷಕ್ಕೆ ಹತ್ತು ಪೌಂಡಿನಿಂದ ಮೊದಲಾಗಿ ಇಪ್ಪತ್ತು ಪೌಂಡಿನವರೆಗೆ ಅವನಿಗೆ ವೇತನ. ಮುಖ್ಯೋಪಾಧ್ಯಾಯನು ದಿನಕ್ಕೆ ಒಂದೂವರೆ ಗಂಟೆ ಅವನಿಗಾಗಿ ಪ್ರತ್ಯೇಕ ಪಾಠವನ್ನು ಹೇಳಬೇಕು, ಅದಕ್ಕೆ ಪ್ರತ್ಯೇಕ ಸಂಭಾವನೆಯನ್ನೂ ಪಡೆಯುವನು. ಈ ಏರ್ಪಾಡಿನಲ್ಲಿಯೂ ಕುಂದುಗಳಿದ್ದುವು. ಆದರೆ ಅದರ ಒಂದು ನಿಯಮದಲ್ಲಿ ಬೆಲ್ಲನೂ ಲ್ಯಾಂಕಾಸ್ಟರನೂ ಕಾಣದ ಸತ್ಯವಿದೆ. ಕಲಿಸುವ ವಿದ್ಯಾರ್ಥಿಗೆ ಮೊದಲು ಕಲಿಸಬೇಕು. ಅದಕ್ಕೆ ಹೊತ್ತು ಬೇಕು, ಗುರು ಬೇಕು, ಹಣವೂ ಬೇಕು. ಖರ್ಚನ್ನು ಉಳಿಸಲೆಂದು ಹಿಡಿದ ದಾರಿಯು ಖರ್ಚು ಮಾಡಿದಾಗಲೇ ಸರಿಹೋದದ್ದು ಮನನೀಯವಾದ ಸಂಗತಿ.

ಹಾಗಾದರೆ ಆ ವಿದ್ಯಾರ್ಥಿಗೆ ಕಲಿಸತಕ್ಕದ್ದು ಏನು? ವಿಷಯವು ಅವನಿಗೆ ಬರುತ್ತದೆ ಎಂದಿಟ್ಟುಕೊಳ್ಳೋಣ, ಇನ್ನು ಉಳಿದದ್ದೇನು? ಒಂದು ಸಣ್ಣ ದೃಷ್ಟಾಂತದಿಂದ ಇದು ತಿಳಿದೀತು. ಮೇಲಿನ ತರಗತಿಯ ಹುಡುಗಿಯು ಕೆಳಗಿನ ತರಗತಿಯ ಹುಡುಗನಿಗೆ ಲೋಪಸಂಧಿಯನ್ನು ಹೇಳಿಕೊಡುತ್ತಾಳೆಂದು ಭಾವಿಸಬಹುದು. ಸ್ವರದ ಮುಂದೆ ಸ್ವರವು ಬಂದರೆ ಹಿಂದಿನದು ಲೋಪವಾಗುವುದು. ಊರು, ಅನ್ನು ಸೇರಿ ಊರನ್ನು. ಕಾಲು, ಅನ್ನು ಸೇರಿ ಕಾಲನ್ನು. ಹುಡುಗನು ತಲೆದೂಗಿ, ಗುರು, ಅನ್ನು ಸೇರಿ ಗುರನ್ನು ಎಂದು ಬರೆಯುತ್ತಾನೆ. ಈಗ ಹುಡುಗಿಯ ಮುಂದೆ ಎರಡು ದಾರಿಗಳಿವೆ. ತಪ್ಪು, ಗುರುವನ್ನು ಎಂದು ಬರೆ, ಎಂದುಬಿಡಬಹುದು. ಅವನು ಬರೆದುಕೊಂಡು, ಮರುದಿನ ಮಗನ್ನು ಎಂದು ಬರೆದು ತರುವನು. ಅಥವಾ, ಇದನ್ನು ಹೀಗೇಕೆ ಬರೆದೆ ಎಂದು ಕೇಳಬಹುದು. ನೀನು ಹೇಳಿದ ಸೂತ್ರದಂತೆಯೇ ಬರೆದೆನಲ್ಲ, ಅಕ್ಕ, ಎಂದು ಅವನು ಉತ್ತರ ಕೊಡುವನು. ಉತ್ತರವು ನ್ಯಾಯವಾದುದು. ತಪ್ಪು ಹುಡುಗನಲ್ಲಿಲ್ಲ, ಹುಡುಗಿಯ ಸೂತ್ರದಲ್ಲಿದೆ. ಊರು ಎಂಬುದರ ಕಡೆಯ ಉಕಾರವು ಉಚ್ಚಾರಣೆಯ ಸೌಲಭ್ಯಕ್ಕಾಗಿ ಬಂದು ಸೇರಿದ್ದು, ಹಳಗನ್ನಡದಲ್ಲಿ ಅದು ಊರ್ ಎಂಬ ವ್ಯಂಜನಾಂತ. ಗುರು, ಮಗು ಎಂಬಲ್ಲಿ ಉಕಾರವು ಶಬ್ದದ ಒಡಲಿಗೇ ಸೇರಿದ್ದು, ಆದುದರಿಂದ ಅದು ಬಿಡದು, ನಡುವೆ ವಕಾರವು ಬರುವುದು. ಈ ಭೇದವನ್ನು ಹುಡುಗಿಯು ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನು ಪಡೆದಾಗಲೂ ಅರಿತಿರಲಿಲ್ಲ. ಚಿಕ್ಕವನ ತಪ್ಪು ಅವಳನ್ನು ಗುರುವಿನ ಬಳಿಗೆ ಕಳುಹಿತು. ಮರಳಿ ಬಂದಾಗ ಅವಳ ವ್ಯಾಕರಣವು ಬೇರೆಯೇ ಆಗಿತ್ತು.

ಪ್ರವಚನಕಾಲವೆಂದರೆ ಇದು. ಕಲಿಸುವ ಕಲೆಯ ಮೊದಲ ಪಾಠವು ಹೇಳುವುದಕ್ಕಿಂತ ಮೊದಲು ಕೇಳುವುದು. ತಪ್ಪಿನ ಹಿಂದಿರುವ ಯುಕ್ತಿಯನ್ನು ಹುಡುಕುವುದು. ಎರಡನೆಯದು, ತನಗೆ ತಿಳಿಯದಿದ್ದುದನ್ನು ತಿಳಿಯದೆಂದು ಒಪ್ಪಿ ಗುರುವನ್ನು ಆಶ್ರಯಿಸುವುದು. ಮೂರನೆಯದು, ಉತ್ತರವನ್ನು ತಾನೇ ಕೊಟ್ಟುಬಿಡುವ ಆತುರವನ್ನು ತಡೆಯುವುದು. ಜಾಣ ಹುಡುಗನಿಗೆ ಈ ಮೂರನೆಯದೇ ಅತ್ಯಂತ ಕಷ್ಟ. ಇದು ಊಹೆಯಲ್ಲ. ಪೀಟರ್ ಕೋಹೆನ್, ಜೇಮ್ಸ್ ಕುಲಿಕ್, ಚೆನ್-ಲಿನ್ ಕುಲಿಕ್ ಎಂಬವರು ೧೯೮೨ರಲ್ಲಿ ಇಂತಹ ಬೋಧನೆಯ ೬೫ ಪರೀಕ್ಷಣಗಳನ್ನು ಒಟ್ಟುಗೂಡಿಸಿ, ಕಲಿತವರಿಗೂ ಕಲಿಸಿದವರಿಗೂ ಲಾಭವಾಗುವುದೆಂದು ತೋರಿಸಿದರು. ರಾಡ್ ರೋಸ್ಕೋ, ಮಿಷೆಲೀನ್ ಚೀ ಎಂಬವರು ೨೦೦೭ರಲ್ಲಿ ಆ ಲಾಭದ ಮೂಲವನ್ನು ಶೋಧಿಸಿದರು. ಕಲಿಸುವ ವಿದ್ಯಾರ್ಥಿಗಳು ಬಹುಮಟ್ಟಿಗೆ ತಮಗೆ ಗೊತ್ತಿರುವುದನ್ನು ಇದ್ದಂತೆಯೇ ಹೇಳಿ ಮುಗಿಸುವರು. ಹೇಳುತ್ತ ಹೇಳುತ್ತ ತಮ್ಮ ತಿಳಿವನ್ನು ಮತ್ತೆ ಕಟ್ಟಿಕೊಳ್ಳುವವರಿಗೇ ಹೆಚ್ಚಿನ ಫಲ. ಶಿಷ್ಯನ ಪ್ರಶ್ನೆಗಳೂ ತಕ್ಕ ತರಬೇತಿಯೂ ಅವರನ್ನು ಆ ಕಡೆಗೆ ತಿರುಗಿಸಬಲ್ಲವು ಎಂಬುದು ಅವರ ಶೋಧನೆಯ ಸಾರಾಂಶ. ಗಿಳಿಯ ಪಾಠವೆಂದು ಕ್ಯಾಂಬೆಲ್ಲನು ಕಂಡ ದೋಷವು ಕಲಿಸುವವನಲ್ಲಿಯೂ ಇರಬಹುದೆಂದು ಇದರಿಂದ ಸ್ಪಷ್ಟವಾಗುವುದು.

ಕಾಳಿದಾಸನು ಈ ವಿವೇಕವನ್ನು ನಾಟಕದ ರಂಗದ ಮೇಲೆಯೇ ತಂದಿಟ್ಟಿರುವನು. ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡುತ್ತ ರಾಜನ ಬಳಿಗೆ ಬರುವರು. ಕೆಲವರಲ್ಲಿ ವಿದ್ಯೆಯು ತಮ್ಮಲ್ಲಿಯೇ ನೆಲೆಸಿರುತ್ತದೆ, ಕೆಲವರಲ್ಲಿ ಪರರಿಗೆ ದಾಟಿಸುವ ಶಕ್ತಿ ವಿಶೇಷವಾಗಿರುತ್ತದೆ, ಎರಡೂ ಇರುವವನೇ ಶಿಕ್ಷಕರಲ್ಲಿ ಅಗ್ರಗಣ್ಯನು ಎಂಬ ಭಾವದ ತೀರ್ಪನ್ನು ಪರಿವ್ರಾಜಿಕೆ ಕೌಶಿಕಿಯು ಕೊಡುವಳು. ಪರೀಕ್ಷೆಗೆ ನಿಲ್ಲುವವರು ಆಚಾರ್ಯರಲ್ಲ, ಅವರ ಶಿಷ್ಯೆಯರು. ದಾಟಿಸುವುದು ಬೇರೆಯೇ ಒಂದು ಶಕ್ತಿಯೆಂದು ಕವಿಯು ಬಲ್ಲನು. ಅದು ಬೇರೆ ಶಕ್ತಿಯಾಗಿರುವುದರಿಂದಲೇ ಅದಕ್ಕೆ ಬೇರೆ ಅಭ್ಯಾಸವೂ ಬೇಕು.

ಇಲ್ಲಿ ಎರಡು ಆಕ್ಷೇಪಗಳು ಬರುವುವು. ಮೊದಲನೆಯದು ತಂದೆತಾಯಿಗಳದು: ಮುಂದೆ ಓದಬೇಕಾದ ಮಗುವು ಹಿಂದಿನವರಿಗೆ ಹೇಳಿಕೊಡುತ್ತ ಕುಳಿತರೆ ಅದರ ಕಾಲ ವ್ಯರ್ಥವಲ್ಲವೇ? ಲ್ಯಾಂಕಾಸ್ಟರನ ಶಾಲೆಯಲ್ಲಿಯಾದರೆ ವ್ಯರ್ಥವೇ. ಸಂಧಿಯ ಆ ಹುಡುಗಿಯ ಪಾಲಿಗಾದರೋ ಅದಕ್ಕಿಂತ ಉತ್ತಮವಾದ ಪಾಠ ಬೇರೊಂದಿರಲಿಲ್ಲ. ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದುದು. ಉಪಾಧ್ಯಾಯರನ್ನು ನೇಮಿಸದಿರಲು ಇದೊಂದು ನೆಪವಾಗಲಾರದೇ? ಆಗಬಹುದು. ಬಡಮಕ್ಕಳ ಶಾಲೆಗಳಲ್ಲಿಯೇ ಮಾನಿಟರುಗಳ ಕ್ರಮವು ಹರಡಿದುದು ಆಕಸ್ಮಿಕವಲ್ಲ. ಆದುದರಿಂದ ಒಂದು ನಿಯಮವನ್ನು ಕಲ್ಲಿನ ಮೇಲೆ ಕೆತ್ತಿಡಬೇಕು: ವಿದ್ಯಾರ್ಥಿಯು ಕಲಿಸುವುದು ಉಪಾಧ್ಯಾಯನಿಗೆ ಬದಲಾಗಿ ಅಲ್ಲ, ಉಪಾಧ್ಯಾಯನು ಇರುವಲ್ಲಿ ಮಾತ್ರ.

ಕರ್ನಾಟಕದಲ್ಲಿ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ, ೨೦೦೯ರ ತರುವಾಯ ನಾಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವ್ಯಾಪಿಸಿದ ನಲಿಕಲಿ ಕ್ರಮದಲ್ಲಿ ಕೆಳಗಿನ ತರಗತಿಗಳ ಮಕ್ಕಳು ಒಟ್ಟಿಗೆ ಗುಂಪುಗಳಾಗಿ ಕುಳಿತುಕೊಳ್ಳುವರು. ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ, ಸ್ವಂತ ಕಲಿಕೆ ಎಂದು ಆ ಗುಂಪುಗಳಲ್ಲಿ ಐದು ಬಗೆ. ಈ ವಿಭಾಗವು ವಿವೇಕದಿಂದ ಕೂಡಿದೆ. ಗುರುವಿನ ಕಣ್ಣಿಗೂ ಗೆಳೆಯನ ಕೈಗೂ ಬೇರೆ ಬೇರೆ ಸ್ಥಾನವನ್ನು ಕೊಟ್ಟಿದೆ. ಗೆಳೆಯರ ಗುಂಪಿನಲ್ಲಿ ಸಹಾಯ ಮಾಡುವ ಮಗುವಿಗೆ ಹೇಗೆ ಸಹಾಯ ಮಾಡಬೇಕೆಂದು ಯಾರಾದರೂ ಹೇಳಿಕೊಟ್ಟಿರುವರೇ ಎಂಬುದೇ ಅಲ್ಲಿ ಕೇಳತಕ್ಕ ಪ್ರಶ್ನೆ. ಹೇಳಿಕೊಟ್ಟಿರದಿದ್ದರೆ ಆ ಮಗುವು ತನ್ನ ಉತ್ತರವನ್ನು ಪಕ್ಕದವನಿಗೆ ತೋರಿಸುವುದು. ಪಕ್ಕದವನು ನೋಡಿ ಬರೆಯುವನು. ಇಬ್ಬರೂ ಸಂತೋಷದಿಂದ ಮುಂದಕ್ಕೆ ಹೋಗುವರು.

ಇದಕ್ಕೆ ಮಹಾ ಸಲಕರಣೆಗಳೇನೂ ಬೇಡ. ಕಲಿಸುವ ಮಗುವು ಕಲಿಸುವುದಕ್ಕೆ ಮೊದಲು ಉಪಾಧ್ಯಾಯರ ಮುಂದೆ ಒಮ್ಮೆ ಪಾಠವನ್ನು ಹೇಳಿ ತೋರಿಸಲಿ. ಕಲಿಸಿದ ಮೇಲೆ, ಶಿಷ್ಯನು ಎಲ್ಲಿ ತಪ್ಪಿದನು, ಏಕೆ ತಪ್ಪಿದನೆಂದು ತೋರುತ್ತದೆ ಎಂಬ ಎರಡು ಮಾತುಗಳನ್ನು ಬಂದು ಒಪ್ಪಿಸಲಿ. ಉಪಾಧ್ಯಾಯರು ಎಷ್ಟು ಕಲಿಸಿದೆ ಎಂದು ಕೇಳದೆ, ಈ ದಿನ ನಿನಗೆ ಏನು ತಿಳಿಯಿತು ಎಂದು ಕೇಳಲಿ. ಹೊಡೆಯುವ, ಬಯ್ಯುವ, ಅಂಕ ಹಾಕುವ ಅಧಿಕಾರವನ್ನು ಯಾವ ಮಗುವಿಗೂ ಕೊಡತಕ್ಕುದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಸುವ ಮಣೆಯು ಮುಂದಿನ ಸಾಲಿನ ಒಂದಿಬ್ಬರು ಜಾಣರ ಆಸ್ತಿಯಾಗಬಾರದು. ಲೆಕ್ಕದಲ್ಲಿ ಹಿಂದುಳಿದವನಿಗೆ ಗಿಡಮರಗಳ ಹೆಸರು ಗೊತ್ತಿರಬಹುದು. ಓದಲು ತಡವರಿಸುವವಳಿಗೆ ಬುಟ್ಟಿ ಹೆಣೆಯಲು ಬರಬಹುದು. ಯಾವಾಗಲೂ ಕಲಿಸಿಸಿಕೊಳ್ಳುವವನಾಗಿಯೇ ಇರುವ ಮಗುವು ತನ್ನಲ್ಲಿ ಕೊಡತಕ್ಕದ್ದು ಏನೂ ಇಲ್ಲವೆಂಬ ಒಂದೇ ಪಾಠವನ್ನು ಚೆನ್ನಾಗಿ ಕಲಿಯುವುದು. ಹಿಂದೆ ಜಾತಿಯು ಮುಚ್ಚಿದ ಬಾಗಿಲನ್ನು ಈಗ ಜಾಣತನದ ಹೆಸರಿನಲ್ಲಿ ಮತ್ತೆ ಮುಚ್ಚುವುದು ತರವಲ್ಲ.

ಬೆಲ್ಲನು ಕ್ರಮವನ್ನು ನೋಡಿದನು. ಕ್ಯಾಂಬೆಲ್ಲನು ಗುಣದೋಷಗಳನ್ನು ನೋಡಿದನು. ದೆಲ್ಲಾ ವಾಲ್ಲೆಯು ಮಕ್ಕಳನ್ನು ನೋಡಿದನು. ಮೂವರ ಬರಹಗಳಲ್ಲಿ ಪ್ರವಾಸಿಯದೇ ಅತ್ಯಂತ ಚಿಕ್ಕದು, ಆದರೆ ಅತ್ಯಂತ ದೂರ ಹೋಗುವುದೂ ಅದೇ. ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದ ಪ್ರಶ್ನೆಗೆ ಘಟ್ಟದ ಹುಡುಗರು ತಮ್ಮ ಪಾಲಿನ ಅರ್ಧ ಉತ್ತರವನ್ನು ನಾಲ್ಕು ನೂರು ವರ್ಷಗಳ ಹಿಂದೆಯೇ ಕೊಟ್ಟರು: ಒಬ್ಬರನ್ನೊಬ್ಬರು ತಿದ್ದುವೆವು. ನಾಲ್ವರೂ ಕೂಡಿ ತಪ್ಪುವಲ್ಲಿ ಬಂದು ಕುಳಿತುಕೊಳ್ಳುವುದು, ತಿದ್ದುವ ಬಗೆಯನ್ನು ಅವರಿಗೆ ಹೇಳಿಕೊಡುವುದು, ಉಳಿದ ಅರ್ಧ. ಅದು ಉಪಾಧ್ಯಾಯರ ಪಾಲಿನದು.